ಮುತ್ತಜ್ಜಿ ತಾಯಿಯಾದಾಗ ವಯಸ್ಸೆಷ್ಟು?

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜಿಯನ್ನು ಒಂದು ಮಾತು ಕೇಳಿ: "ಅಜ್ಜಿ, ಮೊದಲ ಮಗು ಹುಟ್ಟಿದಾಗ ನಿಮ್ಮ ಅಮ್ಮನಿಗೆ ವಯಸ್ಸೆಷ್ಟು?" "ಹದಿನಾಲ್ಕೋ ಹದಿನೈದೋ" ಎಂದು ಉತ್ತರ ಬಂದರೆ ಬೆಚ್ಚಬೇಡಿ. ನಿಮ್ಮಲ್ಲಿ ಹಲವರು ಹೈಸ್ಕೂಲಿಗೆ ಹೋಗುವ ವಯಸ್ಸು ಅದು.

ಆಗ ಎಷ್ಟೋ ಮನೆಗಳಲ್ಲಿ ಹುಡುಗಿ ಮೈನೆರೆಯುವ ಮೊದಲೇ ಮದುವೆ. ನೆರೆದ ಮೇಲೆ ಪ್ರಸ್ತ ಮಾಡಿ ಗಂಡನ ಮನೆಗೆ ಕಳಿಸುತ್ತಿದ್ದರು. ಸೊಂಟದ ಮೂಳೆ ಇನ್ನೂ ಪೂರ್ತಿ ಬೆಳೆಯದ ಹುಡುಗಿಗೆ ಹೆರಿಗೆಯಲ್ಲಿ ಮಗು ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ದಿನಗಟ್ಟಲೆ ನೋವು, ನಂಜು, ಸಾವು. ಉಳಿದ ಮಕ್ಕಳಲ್ಲೂ ಅನೇಕರು ತೂಕ ಕಡಿಮೆಯ, ತಿಂಗಳು ತುಂಬದ ಕೂಸುಗಳು. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾನೂನು ಏನು ಮಾಡುತ್ತಿತ್ತು? 1860ರ ಬ್ರಿಟಿಷ್ ದಂಡಸಂಹಿತೆಯ ಪ್ರಕಾರ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಸಾಕು, ಗಂಡನನ್ನು ತಡೆಯುವವರಿಲ್ಲ. 1890ರಲ್ಲಿ ಕಲ್ಕತ್ತೆಯ ಫೂಲ್‌ಮಣಿ ದಾಸಿ ಎಂಬ ಹುಡುಗಿ ಗಂಡನ ಕೈಯಲ್ಲಿ ಸತ್ತಳು. ಅವಳಿಗೆ ಹತ್ತು ದಾಟಿತ್ತು, ಹಾಗಾಗಿ ಅವನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಆ ಸಾವಿನ ಕೂಗಿಗೆ 1891ರಲ್ಲಿ ಮಿತಿ ಹನ್ನೆರಡಕ್ಕೆ ಏರಿತು.

ನಮ್ಮ ಮೈಸೂರು ಸಂಸ್ಥಾನ ಮದುವೆಗೇ ಕೈ ಹಾಕಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳುವುದಕ್ಕೂ ತಡೆ ಬಂತು. ಎಂಟು ಎಂದರೆ ಇಂದು ನಮಗೆ ನಾಚಿಕೆ. ಅಂದು ಅದಕ್ಕೂ ವಿರೋಧವಿತ್ತು.

ಧಾರವಾಡ, ಮಂಗಳೂರು ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಅಲ್ಲಿಗೆ ಬಂದದ್ದು 1929ರ ಶಾರದಾ ಕಾಯಿದೆ: ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು. ಅದು ಜಾರಿಯಾದದ್ದು 1930ರ ಏಪ್ರಿಲ್ 1ಕ್ಕೆ. ನಡುವಿನ ತಿಂಗಳುಗಳಲ್ಲಿ ದೇಶದ ಹಲವೆಡೆ ಜನ ಅವಸರದಿಂದ ಮಕ್ಕಳ ಮದುವೆ ಮುಗಿಸಿಬಿಟ್ಟರು! ಕಾಗದದ ಮೇಲಿನ ಕಾನೂನು ಮನೆಯ ಹೊಸ್ತಿಲು ದಾಟುವುದು ಎಷ್ಟು ಕಷ್ಟ, ನೋಡಿ. ಹುಡುಗಿಯ ಮಿತಿ ಹದಿನೆಂಟಾಗಲು 1978ರವರೆಗೆ ಕಾಯಬೇಕಾಯಿತು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರಬಹುದು. ಹನ್ನೆರಡಕ್ಕೇ ಮದುವೆಯಾಗಿ, ಹನ್ನೆರಡು ಮಕ್ಕಳನ್ನು ಹೆತ್ತ ತಾಯಿ. ಆಸ್ಪತ್ರೆಯಿಲ್ಲದ ಹಳ್ಳಿಗಳಲ್ಲಿ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಶಾಲೆಯ ಮೆಟ್ಟಿಲು ಹತ್ತದ ಆ ಕೈಗಳು ಎಷ್ಟು ಎಳೆಯ ತಾಯಂದಿರ ಜೀವ ಹಿಡಿದಿದ್ದವೋ!

ಇದು ಮುಗಿದ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಐವರು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಾಗೆ ತಾಯಿಯಾದವಳ ಓದು ನಿಲ್ಲುತ್ತದೆ. ಓದು ನಿಂತಲ್ಲಿ ದುಡಿಮೆ ಕುಂದುತ್ತದೆ. ಅದರ ಭಾರ ಮಗುವಿನ ತಟ್ಟೆಗೆ ಬರುತ್ತದೆ.

ನೀವಿರುವ ದೇಶದಲ್ಲೂ ನಿಮ್ಮ ತರಗತಿಯ ಹುಡುಗಿಯೊಬ್ಬಳು ತಾಯಿಯಾಗಬಹುದು. ಆಗ ಪಿಸುಗುಟ್ಟಬೇಡಿ. ಅವಮಾನಕ್ಕೆ ಹೆದರಿ ಬಚ್ಚಿಟ್ಟುಕೊಂಡವಳು ಡಾಕ್ಟರ ಬಳಿ ತಡವಾಗಿ ಹೋಗುತ್ತಾಳೆ, ಶಾಲೆಗೆ ಮರಳುವುದೇ ಇಲ್ಲ. ನಿಮ್ಮ ಮುತ್ತಜ್ಜಿಗೆ ಆಯ್ಕೆ ಇರಲಿಲ್ಲ. ಇವಳಿಗೆ ಒಂದು ಆಯ್ಕೆ ಉಳಿಸಿಕೊಡುವುದು ನಿಮ್ಮ ಕೈಯಲ್ಲಿದೆ.

ಅಜ್ಜಿಗೆ ಫೋನ್ ಮಾಡುವುದನ್ನು ಮಾತ್ರ ಮರೆಯಬೇಡಿ.