ಆರ್ಕೇಟ ಪಟ್ಟಣದ ಜೌಗುಭೂಮಿ: ಮಲಿನಜಲದ ಒಂದು ಇತಿಹಾಸ

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ ಕೊತ್ತಲಗಳನ್ನೂ ಪೇಟೆ ಬೀದಿಗಳನ್ನೂ ವರ್ಣಿಸುತ್ತಾರೆ. ಊರಿನ ಬಚ್ಚಲ ನೀರು ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ವಿರಳ. ಆದರೆ ಒಂದು ಜನಸಮುದಾಯದ ವಿವೇಕಕ್ಕೆ ಅದಕ್ಕಿಂತ ನಿಷ್ಠುರವಾದ ಒರೆಗಲ್ಲು ಬೇರೊಂದಿರಲಾರದು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಉತ್ತರ ತೀರದಲ್ಲಿ, ಹಂಬೋಲ್ಟ್ ಕೊಲ್ಲಿಯ ದಂಡೆಯ ಮೇಲಿರುವ ಆರ್ಕೇಟ ಪಟ್ಟಣದ ವೃತ್ತಾಂತವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. 2020ರ ಜನಗಣತಿಯಲ್ಲಿಯೂ ಅದರ ಜನಸಂಖ್ಯೆ 19,000ವನ್ನು ಮುಟ್ಟಿರಲಿಲ್ಲ.

1850ರಲ್ಲಿ ಹುಟ್ಟಿ ಮರದ ವ್ಯಾಪಾರದಿಂದ ಬೆಳೆದ ಈ ಊರು ಬಹುಕಾಲ ತನ್ನ ಕೊಳಚೆಯನ್ನು ಹಾಗೆಯೇ ಕೊಲ್ಲಿಗೆ ಬಿಡುತ್ತಿದ್ದಿತು. 1949ರಲ್ಲಿ ಪ್ರಾಥಮಿಕ ಶುದ್ಧೀಕರಣದ ಏರ್ಪಾಡಾಯಿತು. 1957ರಲ್ಲಿ 55 ಎಕರೆಗಳ ಕೊಳಗಳು ನಿರ್ಮಾಣಗೊಂಡುವು. 1966ರಲ್ಲಿ ಕ್ಲೋರೀನಿನಿಂದ ರೋಗಾಣುನಾಶ ಮಾಡುವ ಕ್ರಮ ಸೇರಿತು. ಅದೇ ಕೊಲ್ಲಿಯಲ್ಲಿ ಆಹಾರಕ್ಕಾಗಿ ಸಿಂಪಿಗಳನ್ನು ಬೆಳೆಸುವ ಉದ್ಯಮವೂ ಇದ್ದುದರಿಂದ ನೀರಿನ ಶುದ್ಧಿಯು ಹಲವರ ಜೀವನೋಪಾಯದ ಪ್ರಶ್ನೆಯೂ ಆಗಿದ್ದಿತು.

1974ರಲ್ಲಿ ರಾಜ್ಯದ ಜಲಮಂಡಳಿಯು ಕೊಲ್ಲಿ ಅಳಿವೆಗಳಿಗೆ ಮಲಿನಜಲವನ್ನು ಬಿಡಕೂಡದೆಂಬ ನೀತಿಯನ್ನು ವಿಧಿಸಿತು. ಇದನ್ನು ಅನುಸರಿಸಿ, ಸುತ್ತಲ ಊರುಗಳ ಕೊಳಚೆಯನ್ನೆಲ್ಲ ಒಂದೆಡೆ ಕೂಡಿಸಿ, ಕೊಲ್ಲಿಯ ತಳದಲ್ಲಿ ಕೊಳವೆ ಹಾಯಿಸಿ, ಶುದ್ಧಗೊಳಿಸಿ ಸಾಗರಕ್ಕೆ ಬಿಡುವ ಸಂಯುಕ್ತ ಯೋಜನೆಯೊಂದು ಸಿದ್ಧವಾಯಿತು. 1972ರ ಕೇಂದ್ರ ಶಾಸನದ ಪ್ರಕಾರ ಇಂತಹ ನಿರ್ಮಾಣದ ವೆಚ್ಚದಲ್ಲಿ ಶೇಕಡಾ 75 ಭಾಗ ಕೇಂದ್ರದ ಅನುದಾನವಾಗಿ ದೊರೆಯುತ್ತಿದ್ದಿತು. ಲೆಕ್ಕಪತ್ರಗಳೊಡನೆ ದಿನ ಕಳೆಯುವ ನನ್ನಂಥವನಿಗೆ ಇಲ್ಲಿ ಒಂದು ಸಂಗತಿ ಮುಖ್ಯವೆನಿಸುತ್ತದೆ: ಅನುದಾನವು ಕಟ್ಟಡಕ್ಕೆ ಬರುತ್ತದೆ, ವರ್ಷವರ್ಷವೂ ನೀರೆತ್ತುವ ಯಂತ್ರಗಳ ವೆಚ್ಚಕ್ಕಲ್ಲ. ದಾನವಾಗಿ ಬಂದ ಆನೆಗೂ ಮೇವನ್ನು ಮನೆಯವನೇ ಹಾಕಬೇಕು.

ಆರ್ಕೇಟದವರು ನೀತಿಯ ಪಾಠವನ್ನು ಕೊನೆಯವರೆಗೆ ಓದಿದರು. ಬಿಟ್ಟ ನೀರಿನಿಂದ ಕೊಲ್ಲಿಯ ಗುಣವು ಉತ್ತಮಗೊಳ್ಳುವುದಾದರೆ ನಿಷೇಧಕ್ಕೆ ಅಪವಾದವುಂಟೆಂದು ಅದರಲ್ಲಿದ್ದಿತು. ಸ್ಥಳೀಯ ವಿಶ್ವವಿದ್ಯಾನಿಲಯದಲ್ಲಿ ಮತ್ಸ್ಯಶಾಸ್ತ್ರದ ಪ್ರಾಧ್ಯಾಪಕ ಜಾರ್ಜ್ ಆಲನ್ ಅವರು, ಶುದ್ಧೀಕರಿಸಿದ ಮಲಿನಜಲವನ್ನು ಸಮುದ್ರದ ನೀರಿನೊಡನೆ ಬೆರೆಸಿ ಸಾಲ್ಮನ್ ಮರಿಗಳನ್ನು ಸಾಕುವ ಪ್ರಯೋಗವನ್ನು 1970ರ ದಶಕದ ಆದಿಯಲ್ಲಿಯೇ ನಡೆಸಿದ್ದರು. ಅಲ್ಲಿಯೇ ತಾಂತ್ರಿಕ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಗಿಯರ್‌ಹಾರ್ಟ್ ಅವರು ಜೌಗುಸಸ್ಯಗಳ ಮೂಲಕ ನೀರನ್ನು ತಿಳಿಗೊಳಿಸುವ ಮಾರ್ಗವನ್ನು ಸೂಚಿಸಿದರು. 1979ರಿಂದ 1982ರವರೆಗೆ ಚಿಕ್ಕ ಮಡಿಗಳಲ್ಲಿ ಪರೀಕ್ಷೆ ನಡೆಯಿತು. ಸಂಯುಕ್ತ ಯೋಜನೆಯು ಕೈಬಿಟ್ಟುಹೋಗಿ, 1986ರಲ್ಲಿ ಜೌಗು ಪದ್ಧತಿಯು ಪೂರ್ಣರೂಪದಲ್ಲಿ ಕಾರ್ಯಾರಂಭ ಮಾಡಿತು.

ಆ ಪದ್ಧತಿಯ ಕ್ರಮವಿದು. ಮೊದಲು ತೊಟ್ಟಿಯಲ್ಲಿ ಘನವಸ್ತು ತಳಕ್ಕೆ ಇಳಿಯುವುದು. ಬಳಿಕ ಕೊಳಗಳಲ್ಲಿ ಪಾಚಿಯು ಆಮ್ಲಜನಕವನ್ನೊದಗಿಸಲು, ಸೂಕ್ಷ್ಮಜೀವಿಗಳು ಮಲಿನಾಂಶವನ್ನು ಜೀರ್ಣಿಸುವುವು. ಅನಂತರ ನೀರು ಜೊಂಡು ಬೆಳೆದ ಮಡಿಗಳಿಗೆ ಹರಿಯುವುದು. ಅಲ್ಲಿ ಜೊಂಡಿನ ನೆರಳಿನಲ್ಲಿ ಬೆಳಕು ದೊರೆಯದೆ ಪಾಚಿಯು ಸತ್ತು ಕೆಳಗಿಳಿಯುವುದು. ಕಾಂಡಗಳಿಗಂಟಿದ ಸೂಕ್ಷ್ಮಜೀವಿಗಳು ಉಳಿದ ಕೆಲಸವನ್ನು ಪೂರೈಸುವುವು. ರೋಗಾಣುನಾಶದ ಬಳಿಕ ನೀರು ವಿಶಾಲವಾದ ಜೌಗುಗಳಲ್ಲಿ ಸಂಚರಿಸಿ, ಪುನಃ ಶುದ್ಧಗೊಂಡು ಕೊಲ್ಲಿಯನ್ನು ಸೇರುವುದು. ಹಿಂದೆ ಕಸದ ರಾಶಿಯೂ ಮರದ ದಿಮ್ಮಿಗಳೂ ಬಿದ್ದಿದ್ದ ದಂಡೆಯು ಇಂದು 307 ಎಕರೆಗಳ ಪಕ್ಷಿಧಾಮವಾಗಿದೆ. ಅದರ ಮೂರು ಜೌಗುಗಳಿಗೆ ಆಲನ್, ಗಿಯರ್‌ಹಾರ್ಟ್ ಮತ್ತು ಪುರಾಧ್ಯಕ್ಷರಾಗಿದ್ದ ಡ್ಯಾನ್ ಹೌಸರ್ ಇವರ ಹೆಸರುಗಳಿವೆ. ಮೀನಿನ ಪಂಡಿತ, ನೀರಿನ ತಂತ್ರಜ್ಞ, ಪೌರಪ್ರತಿನಿಧಿ, ಈ ಮೂವರ ಹೆಸರು ಒಂದೆಡೆ ಸೇರಿರುವುದರಲ್ಲಿಯೇ ಈ ಚರಿತ್ರೆಯ ಸಾರವಿದೆ.

ಇದನ್ನು ಎಲ್ಲೆಡೆಗೂ ಅನ್ವಯಿಸಬಹುದೆಂದು ಭಾವಿಸುವುದು ಅವಿಚಾರವಾದೀತು. ವಿಸ್ತಾರವಾದ ಭೂಮಿ, ಮಿತವಾದ ಜನಸಂಖ್ಯೆ ಇಲ್ಲದೆಡೆ ಇದು ಸಾಗದು. ಸಮುದ್ರಮಟ್ಟವು ಏರುತ್ತಿರುವುದರಿಂದ ತಗ್ಗಿನ ಒಡ್ಡುಗಳ ಹಿಂದಿರುವ ಆ ಕೊಳಗಳಿಗೇ ಇಂದು ಅಪಾಯವೊದಗಿದೆ. ಆದರೂ ಮುಂಬಯಿಯ ಖಾಡಿಗಳ, ಚೆನ್ನೈಯ ಕೂವಂ ನದಿಯ ಬದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ನಮಗೆ ಆ ಪಟ್ಟಣವು ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಬಚ್ಚಲ ನೀರು ಕಣ್ಣಿಗೆ ಮರೆಯಾದರೆ ಸಾಕೆಂಬುದು ನಮ್ಮ ರೂಢಿ. ಅದು ಎಲ್ಲಿಗೆ ಹೋಗಿ ಏನಾಗಬೇಕೆಂದು ಆ ಊರಿನವರು ಕೇಳಿಕೊಂಡರು. ನಾವು ಕೇಳಿಕೊಂಡಿದ್ದೇವೆಯೆ?