ಕೊಬ್ಬು ತುಂಬಿದ ಯಕೃತ್ತು

ಆರೋಗ್ಯವಂತ ಯಕೃತ್ತು ಕೆಂಗಂದು ಬಣ್ಣದ್ದು, ಚೂಪು ಅಂಚಿನದು. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಕೊಬ್ಬು ತುಂಬಿದಾಗ ಅದು ಹಿಗ್ಗಿ ಹಳದಿಗೆ ತಿರುಗುತ್ತದೆ, ಅಂಚು ಮೊಂಡಾಗುತ್ತದೆ. ಬೊಜ್ಜಿರುವವರಲ್ಲಿ ಇನ್ಸುಲಿನ್‌ಗೆ ದೇಹದ ಸ್ಪಂದನೆ ಕುಗ್ಗಿ, ಕೊಬ್ಬಿನಾಮ್ಲಗಳು ರಕ್ತದ ಮೂಲಕ ಯಕೃತ್ತಿಗೆ ಹರಿದುಬರುವುದು ಇದಕ್ಕೆ ಮುಖ್ಯ ಕಾರಣ.

ಸೂಕ್ಷ್ಮದರ್ಶಕದಲ್ಲಿ ಕಾಣುವ ಹಂತಗಳು

1. ಕೊಬ್ಬಿನ ಶೇಖರಣೆ: ಶೇ. 5ಕ್ಕಿಂತ ಹೆಚ್ಚು ಯಕೃತ್ ಕೋಶಗಳಲ್ಲಿ ಕೊಬ್ಬಿನ ಹನಿಗಳು. ದೊಡ್ಡ ಹನಿ ಕೋಶಕೇಂದ್ರವನ್ನು ಬದಿಗೆ ತಳ್ಳಿರುತ್ತದೆ.

2. ಉರಿಯೂತ: ಕೋಶಗಳು ಬಲೂನಿನಂತೆ ಊದಿಕೊಳ್ಳುತ್ತವೆ, ಬಿಳಿ ರಕ್ತಕಣಗಳು ಸುತ್ತ ನೆರೆಯುತ್ತವೆ.

3. ನಾರುಗಟ್ಟುವಿಕೆ: ಕೇಂದ್ರ ಅಭಿಧಮನಿಯ ಬಳಿ ಆರಂಭವಾಗಿ, ಕೋಶಗಳ ನಡುವೆ ಕೊಲಾಜೆನ್ ಎಳೆಗಳು ಹಬ್ಬುತ್ತವೆ.

4. ಸಿರೋಸಿಸ್: ನಾರಿನ ಪಟ್ಟಿಗಳ ನಡುವೆ ಗಂಟುಗಳು ಮೂಡಿ ಯಕೃತ್ತು ಗಡಸಾಗುತ್ತದೆ.

ಎಲ್ಲರಲ್ಲೂ ರೋಗ ಕೊನೆಯ ಹಂತ ಮುಟ್ಟುವುದಿಲ್ಲ. ಆರಂಭದಲ್ಲಿ ಸಾಮಾನ್ಯವಾಗಿ ಲಕ್ಷಣಗಳೂ ಇರುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ

ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳಿಗೆ, ಮೊಳಕಾಲ್ಮುರು ರೇಷ್ಮೆ ಸೀರೆಗಳಿಗೆ ಹೆಸರಾದ ಊರುಗಳು. ಮಗ್ಗದಲ್ಲಾಗಲಿ ಅಂಗಡಿಯ ಗಲ್ಲಾದಲ್ಲಾಗಲಿ ದಿನವಿಡೀ ಕುಳಿತೇ ದುಡಿಯುವವರು ಮಿರ್ಚಿ, ಬೋಂಡಾದಂಥ ಕರಿದ ತಿಂಡಿಯನ್ನೂ ಸಿಹಿಯನ್ನೂ ಮಿತಿಮೀರಿ ತಿಂದರೆ ಹೊಟ್ಟೆಯ ಬೊಜ್ಜು ಬೆಳೆಯುತ್ತದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯದ ಸೂಚನೆ. 2021ರಲ್ಲಿ ಕೇಂದ್ರ ಸರ್ಕಾರ ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು.

ಚೇತರಿಕೆ

ದೇಹತೂಕ ಶೇ. 5 ಇಳಿದರೆ ಯಕೃತ್ತಿನ ಕೊಬ್ಬು ತಗ್ಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತ ಶಮನವಾಗಬಲ್ಲದು, ಶೇ. 10 ಮೀರಿದರೆ ನಾರುಗಟ್ಟುವಿಕೆಯೂ ಹಿಮ್ಮೆಟ್ಟಬಹುದು.