ದಾರಿಯಲ್ಲಿ ಕಳೆದುಹೋದ ಫೈಲ್ ಹೆಸರು

ಬಿಕಾಂ ಮುಗಿಸಿದ ಹೊಸದರಲ್ಲಿ ಕೆಲಸಕ್ಕೆ ಅಂತ ಒಂದು ಕಡೆ ಈಮೇಲ್ ಕಳಿಸಿದ್ದೆ. ಅಟ್ಯಾಚ್‌ಮೆಂಟ್‌ಗೆ ಕನ್ನಡದಲ್ಲೇ ‘ಸ್ವವಿವರ’ ಅಂತ ಹೆಸರಿಟ್ಟಿದ್ದೆ. ಅವರಿಗೆ ಕಂಡಿದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಫೈಲ್ ತೆರೆಯಲೇ ಇಲ್ಲ, ಕೆಲಸವೂ ಸಿಗಲಿಲ್ಲ. ತಪ್ಪು ಯಾರದು?

ಉತ್ತರಕ್ಕೆ 1990ರ ದಶಕಕ್ಕೆ ಹೋಗ್ಬೇಕು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ‘ಮೈಮ್’ ನಿಯಮ ತಂದರು. ಫೋಟೊ, ಆಡಿಯೊ ಎಲ್ಲಾ ಮೇಲ್‌ನಲ್ಲಿ ಹೋಗೋಕೆ ಒಂದೇ ದಾರಿ ಸಿಕ್ತು. ಆದ್ರೆ ಫೈಲ್ ಹೆಸರು ಇಂಗ್ಲಿಷ್ ಅಲ್ಲದಿದ್ರೆ? ಅದಕ್ಕೆ ನಿಯಮ, ಅಂದ್ರೆ ಆರ್‌ಎಫ್‌ಸಿ 2231, ಬಂದಿದ್ದು 1997ರ ನವೆಂಬರ್‌ನಲ್ಲಿ.

ಕೆಲವು ಮೇಲ್ ಆಪ್‌ಗಳು ಸಬ್ಜೆಕ್ಟ್ ಸಾಲಿಗೆ ಇದ್ದ ವಿಧಾನವನ್ನೇ ಫೈಲ್ ಹೆಸರಿಗೂ ಬಳಸಿದವು. ಹಾಗೆ ಮಾಡಬೇಡಿ ಅಂತ 1996ರ ಆರ್‌ಎಫ್‌ಸಿ 2047 ಸ್ಪಷ್ಟವಾಗಿ ಹೇಳಿತ್ತು. ಹೀಗಾಗಿ ಒಂದು ಆವೃತ್ತಿ ಬರೆದದ್ದನ್ನು ಇನ್ನೊಂದು ಓದಲಿಲ್ಲ. ಹೆಸರಿನ ಜೊತೆ ಕೊನೆಯ ‘ಪಿಡಿಎಫ್’ ಕೂಡ ಕೆಟ್ಟುಹೋದ್ರೆ, ಫೈಲನ್ನು ಯಾವುದರಲ್ಲಿ ತೆರೆಯೋದು ಅಂತ ಕಂಪ್ಯೂಟರ್‌ಗೂ ಗೊತ್ತಾಗಲ್ಲ.

ಇವತ್ತು ಬಹಳಷ್ಟು ಆಪ್‌ಗಳು ಎರಡೂ ವಿಧಾನ ಓದ್ತವೆ. ಆದ್ರೂ ಅರ್ಜಿ ಕಳಿಸುವಾಗ ನಾನು ಫೈಲ್ ಹೆಸರನ್ನ ಇಂಗ್ಲಿಷ್‌ನಲ್ಲೇ ಇಡ್ತೀನಿ. ಯಾರೋ ಯಾವಾಗಲೋ ಮಾಡಿದ ಗೊಂದಲಕ್ಕೆ ನಾನಿನ್ನೂ ದಂಡ ಕಟ್ತಾ ಇದ್ದೀನಿ.